ಕಾಗದದಲ್ಲಿ ವಂಶ, ಕಾಲಿನಲ್ಲಿ ಬಯಲು

ಕ್ಯಾಲಿಫೋರ್ನಿಯಾದ ಟೇವಿಸ್ ಕಪ್ ಸವಾರಿಯಲ್ಲಿ ಕುದುರೆ ಕ್ರಮಿಸಬೇಕಾದ ದಾರಿ 100 ಮೈಲಿ, ಸಿಗುವ ಸಮಯ 24 ಗಂಟೆ. ಸಿಯೆರಾ ನೆವಾಡಾ ಪರ್ವತಸಾಲನ್ನು ದಾಟಿ, ಕಾದ ಕಣಿವೆಗಳನ್ನು ಇಳಿದು ಹತ್ತಿ, ಆಬರ್ನ್ ಊರು ಮುಟ್ಟಬೇಕು. 1955ರಲ್ಲಿ ವೆಂಡೆಲ್ ರೋಬಿ ಮತ್ತು ಅವನ ಜೊತೆಗಾರರು ಈ ಹಾದಿ ಹಿಡಿದು ಹೊರಟ ಮೇಲೆಯೇ ಆಧುನಿಕ ಎಂಡ್ಯೂರೆನ್ಸ್ ರೈಡಿಂಗ್, ಅಂದರೆ ಕುದುರೆಯ ಮೇಲೆ ಬಹುದೂರ ಕ್ರಮಿಸುವ ಸ್ಪರ್ಧೆ, ಬೆಳೆದದ್ದು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿಗಷ್ಟೇ ಗುರಿ ಸಿಗುತ್ತದೆ. ಉಳಿದವರಲ್ಲಿ ಬಹಳಷ್ಟು ಮಂದಿಯನ್ನು ನಿಲ್ಲಿಸುವುದು ದಾರಿಯುದ್ದಕ್ಕೂ ಕಾದಿರುವ ಪಶುವೈದ್ಯರು. ಕುದುರೆ ಕುಂಟಿದರೆ, ಕೊಟ್ಟ ಸಮಯದಲ್ಲಿ ನಾಡಿಬಡಿತ ಇಳಿಯದಿದ್ದರೆ, ಸವಾರಿ ಅಲ್ಲಿಗೇ ಮುಗಿಯಿತು.

ಇಂಥ ಓಟಕ್ಕೆ ಅರಬ್ಬಿ ತಳಿಯೇ ಸರಿ ಎನ್ನುವ ಮಾತು ಸುಳ್ಳಲ್ಲ. ಹಗುರ ಮೈ, ಆಮ್ಲಜನಕ ಬಳಸಿ ಬಹುಹೊತ್ತು ದುಡಿಯಬಲ್ಲ ಸ್ನಾಯುತಂತುಗಳು ಅದಕ್ಕೆ ಹುಟ್ಟಿನಿಂದಲೇ ಬಂದಿವೆ. ಕುದುರೆಗಳಿಗೆಲ್ಲ ಇನ್ನೊಂದು ಸೌಲಭ್ಯವೂ ಉಂಟು: ಗುಲ್ಮದಲ್ಲಿ (ಸ್ಪ್ಲೀನ್) ಕೂಡಿಟ್ಟ ಕೆಂಪು ರಕ್ತಕಣಗಳನ್ನು ಓಟದ ಹೊತ್ತಿಗೆ ರಕ್ತಕ್ಕೆ ಸುರಿದುಕೊಳ್ಳುತ್ತವೆ. ಆದರೆ ಕೊಳ್ಳುವವರು ವಂಶಾವಳಿಯ ಕಾಗದವನ್ನು ಓದುವಷ್ಟು ಶ್ರದ್ಧೆಯಿಂದ ಮರಿ ಎಲ್ಲಿ ಬೆಳೆಯಿತು ಎಂದು ವಿಚಾರಿಸುವುದಿಲ್ಲ. ನನಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾಗಿ ಕಾಣುತ್ತದೆ.

ಅಮೆರಿಕದ ಪಶ್ಚಿಮ ಭಾಗದ, ದನ ಕುದುರೆ ಸಾಕುವ ದೊಡ್ಡ ರಾಂಚ್‌ಗಳಲ್ಲಿ ಮರಿಗಳು ತಾಯಿಯ ಹಿಂದೆ, ಹಿಂಡಿನ ಜೊತೆ, ಕಲ್ಲು ಗುಡ್ಡಗಳ ವಿಶಾಲ ಬಯಲಿನಲ್ಲಿ ಬೆಳೆಯುತ್ತವೆ. ಹುಲ್ಲು ಒಂದು ಕಡೆ, ನೀರು ಇನ್ನೊಂದು ಕಡೆ. ನಡೆಯದೆ ಹೊಟ್ಟೆ ತುಂಬದು. ಮೂಳೆ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಕೀಲುಗಳ ಮೃದ್ವಸ್ಥಿ (ಮೆತ್ತನೆಯ ಎಲುಬು) ತಮ್ಮ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಕಟ್ಟಿಕೊಳ್ಳುವುದು ಈ ಎಳೆಯ ವಯಸ್ಸಿನಲ್ಲೇ. ಮೂಳೆಗೆ ಮುಂದೆಯೂ ತನ್ನನ್ನು ತಿದ್ದಿಕೊಳ್ಳುವ ಶಕ್ತಿ ಉಳಿಯುತ್ತದೆ. ರಜ್ಜು ಮತ್ತು ಮೃದ್ವಸ್ಥಿಗೆ ಆ ಅವಕಾಶ ಬೇಗ ಕಿರಿದಾಗುತ್ತದೆ. 1990ರ ದಶಕದಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಮರಿಗಳನ್ನು ಮೂರು ಗುಂಪು ಮಾಡಿ ಐದು ತಿಂಗಳು ಬೆಳೆಸಿ ನೋಡಿದರು: ಒಂದು ಲಾಯದಲ್ಲಿ, ಇನ್ನೊಂದು ಹುಲ್ಲುಗಾವಲಿನಲ್ಲಿ, ಮತ್ತೊಂದು ಲಾಯದಲ್ಲೇ ಇದ್ದು ದಿನಕ್ಕಿಷ್ಟು ಎಂದು ಓಡಿಸಿದ್ದು. ಎಲ್ಲಕ್ಕಿಂತ ಚೆನ್ನಾಗಿ ಬೆಳೆದದ್ದು ಹುಲ್ಲುಗಾವಲಿನ ಗುಂಪು. ಲಾಯದಲ್ಲಿ ನಿಲ್ಲಿಸಿ ಆಗಾಗ ಜೋರಾಗಿ ಓಡಿಸಿದ ಮಾತ್ರಕ್ಕೆ ಬಯಲಿನ ಫಲ ಸಿಗಲಿಲ್ಲ.

ಗೊರಸಿನ ಕಥೆಯೂ ಬೇರೆಯಲ್ಲ. ಅದರ ಹಿಂಭಾಗದ ಮೆತ್ತೆಯಂಥ ಅಂಗಾಂಶ ನೆಲದ ಒತ್ತಡ ಸಿಕ್ಕಷ್ಟೂ ಗಟ್ಟಿಯಾಗುತ್ತದೆ ಎಂಬುದು ತಜ್ಞರ ಅಭಿಪ್ರಾಯ.

ನೀರಿನ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮ ಬೆವರಿನಲ್ಲಿ ರಕ್ತಕ್ಕಿಂತ ಉಪ್ಪು ಕಡಿಮೆ. ಹಾಗಾಗಿ ಬೆವರಿದಷ್ಟೂ ರಕ್ತ ಉಪ್ಪಾಗಿ ಬಾಯಾರುತ್ತದೆ. ಕುದುರೆಯ ಬೆವರು ರಕ್ತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಉಪ್ಪು. ಬಿಸಿಲಿನಲ್ಲಿ ಗಂಟೆಗೆ 10 ಲೀಟರಿಗೂ ಹೆಚ್ಚು ಬೆವರು ಹರಿದರೂ ಮೆದುಳಿಗೆ ದಾಹದ ಸುದ್ದಿಯೇ ಸರಿಯಾಗಿ ತಲುಪದಿರಬಹುದು. ಆಗ ಕುದುರೆಯನ್ನು ಕಾಪಾಡುವುದು ರೂಢಿ. ತೊರೆ, ಕೆಸರು ಹೊಂಡ, ತಗಡಿನ ತೊಟ್ಟಿ ಯಾವುದಾದರೂ ಸರಿ, ಸಿಕ್ಕಲ್ಲಿ ಕುಡಿದು ಬೆಳೆದ ಪ್ರಾಣಿ ದಾರಿಯಲ್ಲಿ ತಲೆ ಬಗ್ಗಿಸುತ್ತದೆ. ಲಾಯದ ಬಕೆಟ್ಟಿಗೆ ಒಗ್ಗಿದ್ದು ಮೂಸಿ ನೋಡಿ ಮುಖ ತಿರುಗಿಸಬಹುದು. ಮೇವಿಗೂ ಇದೇ ಮಾತು. ಹೊಟ್ಟೆಯಲ್ಲಿ ನಾರು ಇದ್ದರೆ ಅದರೊಡನೆ ನೀರೂ ಉಪ್ಪೂ ದಾಸ್ತಾನಾಗಿರುತ್ತವೆ.

ರಾಂಚ್ ಕುದುರೆ ಎಂದ ಕೂಡಲೇ ಕೈಮುಗಿಯಬೇಕಿಲ್ಲ. ಬಯಲಿನಲ್ಲಿ ತಂತಿಬೇಲಿ ಸೀಳುತ್ತದೆ, ಜಂತು ಕಾಡುತ್ತದೆ, ಮಣ್ಣಿನಲ್ಲಿ ಖನಿಜ ಕಡಿಮೆಯಿದ್ದರೆ ಮೂಳೆಗೂ ಅಷ್ಟೇ ಸಿಗುತ್ತದೆ. ಕಾಲು ಕೆಟ್ಟ ಮರಿಗಳು ಸವಾರಿಗೆ ಬರುವ ಮೊದಲೇ ಹಿಂಡಿನಿಂದ ಹೊರಬಿದ್ದಿರುತ್ತವೆ. ನಾವು ಹೊಗಳುತ್ತಿರುವುದು ಉಳಿದವುಗಳನ್ನು ಮಾತ್ರ ನೋಡಿ. ಮನುಷ್ಯರ ಕೈ ತಾಕದೆ ನಾಲ್ಕು ವರ್ಷ ಕಳೆದ ಕುದುರೆಯನ್ನು ಪಳಗಿಸುವುದಂತೂ ಹೊಸಬರ ಕೆಲಸವೇ ಅಲ್ಲ.

ಒಳ್ಳೆಯ ಬಯಲಿನಲ್ಲಿ ಬೆಳೆದದ್ದಕ್ಕೂ ತರಬೇತಿ ತಪ್ಪದು. ಕೆಲವೇ ತಿಂಗಳ ಸವಾರಿಯಲ್ಲಿ ಹೃದಯ, ಸ್ನಾಯುಗಳು ಸಿದ್ಧವಾಗುತ್ತವೆ; ಮೂಳೆ, ರಜ್ಜುಗಳಿಗೆ ವರ್ಷಗಳು ಬೇಕು. ಬೆನ್ನುಮೂಳೆಯ ಬೆಳವಣಿಗೆ ಮುಗಿಯುವುದೇ ಐದು ವರ್ಷ ದಾಟಿದ ಮೇಲೆ. ಅಮೆರಿಕದ ಎಂಡ್ಯೂರೆನ್ಸ್ ಸಂಸ್ಥೆ 50 ಮೈಲಿಯ ಸವಾರಿಗೆ ಕನಿಷ್ಠ ಐದು ವರ್ಷ ಎಂದು ನಿಯಮ ಮಾಡಿದೆ. ನಾಡಿ ನೋಡಿದರೆ ನಾಲ್ಕು ವರ್ಷದ ಕುದುರೆಯೂ ತಯಾರಾದಂತೆಯೇ ಕಾಣುತ್ತದೆ, ಕಾಲುಗಳು ಮಾತ್ರ ಇನ್ನೂ ಹಿಂದಿರುತ್ತವೆ.