ಷ್ಮಿಟ್-ರೂಬಿನ್ ಅಂದರೆ ಕೆ31 ಅಲ್ಲ

ಕಳೆದ ವಾರ ಮತ್ತೆ ಕಣ್ಣಿಗೆ ಬಿತ್ತು. ಹಳೇ ಮಿಲಿಟರಿ ಬಂದೂಕುಗಳ ಮಾರಾಟದ ಪಟ್ಟಿ. ಫೋಟೋದಲ್ಲಿದ್ದದ್ದು ಸ್ವಿಸ್ ಸೇನೆಯ 1931ರ ರೈಫಲ್ ಕೆ31, ಅದರಲ್ಲಿ ಅನುಮಾನವೇ ಇಲ್ಲ. ಅಡಿಯಲ್ಲಿ ಬರೆದದ್ದು 'ಷ್ಮಿಟ್-ರೂಬಿನ್ ಕೆ31'. ಇದೊಂದೇ ಪಟ್ಟಿಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಅಂಗಡಿಯವರೂ ಹೀಗೇ ಬರೆಯುತ್ತಾರೆ, ವರ್ಷಗಟ್ಟಲೆ ಸಂಗ್ರಹ ಮಾಡಿದವರೂ ಹೀಗೇ ಹೇಳುತ್ತಾರೆ. ಬೋಲ್ಟ್, ಅಂದರೆ ತೋಟೆಯನ್ನು ನಳಿಗೆಗೆ ತಳ್ಳಿ ಹಿಂಬದಿ ಮುಚ್ಚುವ ಉಕ್ಕಿನ ಭಾಗ, ನೇರ ಹಿಂದಕ್ಕೆ ಬರುವ ಸ್ವಿಸ್ ರೈಫಲ್ ಯಾವುದೇ ಇರಲಿ, ಅದಕ್ಕೆ ಷ್ಮಿಟ್-ರೂಬಿನ್ ಅಂತ ಹೆಸರು. ಇದು ಸುಮ್ನೆ ಹೆಸರಿನ ತಕರಾರು ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟೆ ಕೋವಿ ಅಂತ ಬೇರೆ ಬೇರೆಯಾಗಿ ಹೇಳುತ್ತೇವೆ. ಕೋವಿ ಬೇರೆ, ಅದರೊಳಗೆ ಹೋಗುವುದು ಬೇರೆ ಎನ್ನುವುದು ಆ ಮಾತಿನಲ್ಲೇ ಇದೆ. ಷ್ಮಿಟ್-ರೂಬಿನ್ ಹೆಸರಿನ ನಡುವಿನ ಗೆರೆಯೂ ಇದೇ ಕೆಲಸ ಮಾಡುತ್ತದೆ. ಅದು ಒಬ್ಬ ಮನುಷ್ಯನ ಹೆಸರಲ್ಲ, ಕಂಪನಿಯ ಹೆಸರೂ ಅಲ್ಲ. ಷ್ಮಿಟ್ ಕೋವಿಯ ಕಡೆಯವರು. ರೂಬಿನ್ ತೋಟೆಯ ಕಡೆಯವರು.

ರೂಬಿನ್ ಅವರನ್ನು ಜನ ಬೇಗ ಮರೆಯುತ್ತಾರೆ, ಅದಕ್ಕೆ ಅವರಿಂದಲೇ ಶುರು ಮಾಡುತ್ತೇನೆ. ಎಡ್ವರ್ಡ್ ರೂಬಿನ್ (1846–1920) ಸ್ವಿಟ್ಜರ್ಲೆಂಡಿನ ಟೂನ್ ಊರಿನ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ನಿರ್ದೇಶಕರಾಗಿದ್ದರು. ಆಗ ಸ್ವಿಸ್ ಸೈನಿಕರ ಕೈಯಲ್ಲಿದ್ದದ್ದು ವೆಟರ್ಲಿ ರೈಫಲ್. 10.4 ಮಿ.ಮೀ. ದಪ್ಪದ ಸೀಸದ ಗುಂಡು, ಕಪ್ಪು ಮದ್ದು, ಪ್ರತಿ ಹೊಡೆತಕ್ಕೂ ಮುಖದ ಮುಂದೆ ಹೊಗೆ. ಗುಂಡನ್ನು ಸಣ್ಣದು ಮಾಡಿ ವೇಗ ಹೆಚ್ಚಿಸಿದರೆ ದೂರ ಹೋಗುತ್ತದೆ, ನೇರ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ತೊಡಕು ಇದ್ದದ್ದು ಸೀಸದಲ್ಲಿ. ಸೀಸ ಮೆತ್ತಗಿನ ಲೋಹ. ವೇಗ ಜಾಸ್ತಿಯಾದರೆ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು ತಿರುಗುವ ಬದಲು ಸವೆದು ಅಲ್ಲೇ ಮೆತ್ತಿಕೊಳ್ಳುತ್ತದೆ. ರೂಬಿನ್ ಆ ಸೀಸಕ್ಕೆ ತಾಮ್ರದ ಅಂಗಿ ತೊಡಿಸಿದರು. ಇಂದು ಜಗತ್ತಿನ ಹೆಚ್ಚಿನ ರೈಫಲ್ ಗುಂಡುಗಳು ಈ ಅಂಗಿ ತೊಟ್ಟೇ ಹೊರಡುತ್ತವೆ. ಅಂಥ ಕೆಲಸ ಮಾಡಿದವರ ಹೆಸರನ್ನು ಒಂದು ಬೋಲ್ಟಿಗೆ ಅಂಟಿಸಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ರುಡಾಲ್ಫ್ ಷ್ಮಿಟ್ (1832–1898) ಸೇನೆಯ ಕರ್ನಲ್, ಬೆರ್ನ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ನಿರ್ದೇಶಕರು. ನೇರ ಎಳೆತದ ಬೋಲ್ಟ್ ಅವರದು. ಇಲ್ಲೂ ಒಂದು ಗೊಂದಲ ಇದೆ. ನೇರ ಎಳೆತ ಅಂದರೆ ಒಳಗೆ ಏನೂ ತಿರುಗುವುದಿಲ್ಲ ಅಂತ ಹಲವರು ತಿಳಿದಿದ್ದಾರೆ. ತಿರುಗುತ್ತದೆ. ತಿರುಗದೇ ಇರುವುದು ನಮ್ಮ ಕೈ ಮಾತ್ರ. ಪಕ್ಕದ ಹಿಡಿಕೆಗೆ ಒಂದು ಕಂಬಿ ಇದೆ. ಆ ಕಂಬಿಯ ಗೂಟ ಬೋಲ್ಟಿನ ಮೈಮೇಲೆ ಓರೆಯಾಗಿ ಕೊರೆದ ಕಾಲುವೆಯಲ್ಲಿ ಓಡುತ್ತದೆ. ಒತ್ತಿದರೆ ತಾನೇ ತಿರುಗುವ ಸ್ಕ್ರೂಡ್ರೈವರ್ ನೋಡಿದ್ದೀರಲ್ವಾ, ಅದೇ ಉಪಾಯ. ಹಿಡಿಕೆ ಎಳೆದಾಗ ಬೋಲ್ಟಿನ ಹೊರಕವಚ ತಿರುಗಿ ಬೀಗ ಬಿಡುತ್ತದೆ. ಆಮೇಲೆ ಇಡೀ ಬೋಲ್ಟ್ ಹಿಂದೆ ಬರುತ್ತದೆ.

ಇವರಿಬ್ಬರ ಕೆಲಸ ಕೂಡಿ ಬಂದದ್ದು 1889ರ ರೈಫಲ್‌ನಲ್ಲಿ. ಷ್ಮಿಟ್-ರೂಬಿನ್ ಅನ್ನುವ ಹೆಸರು ಪೂರ್ತಿಯಾಗಿ ಒಪ್ಪುವುದು ಅದಕ್ಕೆ. ಹೊಟ್ಟೆಯ ಕೆಳಗೆ 12 ತೋಟೆ ಹಿಡಿಸುವ ದೊಡ್ಡ ಮ್ಯಾಗಜಿನ್, ಉದ್ದನೆಯ ಬೋಲ್ಟ್. ಬೀಗ ಹಾಕುವ ಮೊಳೆಗಳು ಬೋಲ್ಟಿನ ಹಿಂಭಾಗದಲ್ಲಿ. ಈ ಹಿಂಭಾಗ ಅನ್ನುವುದನ್ನು ನೆನಪಿಡಿ. ತೋಟೆ ಸಿಡಿದಾಗ ಒತ್ತಡ ಇರುವುದು ಮುಂದೆ, ಅದನ್ನು ತಡೆಯುವ ಮೊಳೆ ಇರುವುದು ಎಷ್ಟೋ ಹಿಂದೆ. ನಡುವಿನ ಉಕ್ಕೆಲ್ಲ ಆ ಹೊಡೆತವನ್ನು ಹೊರಬೇಕು. ಹಾಗಾಗಿ 1896ರ ಮಾದರಿಗೆ ಫೋಗೆಲ್‌ಸಾಂಗ್ ಮತ್ತು ರೆಬ್‌ಹೋಲ್ಟ್ಸ್ ಎಂಬಿಬ್ಬರು ಆ ಮೊಳೆಗಳನ್ನು ಹೊರಕವಚದ ಮುಂಭಾಗಕ್ಕೆ ತಂದರು. ಅಲ್ಲಿಗೇ ಷ್ಮಿಟ್ ಅವರ ವಿನ್ಯಾಸದಲ್ಲಿ ಬೇರೆಯವರ ಕೈ ಸೇರಿತು.

1911ರಲ್ಲಿ ತೋಟೆಯೇ ಬದಲಾಯಿತು. ಹಳೆಯದು ಜಿಪಿ90, ಹೊಸದು ಜಿಪಿ11. ಜಿಪಿ ಅಂದರೆ ಜರ್ಮನ್ ಮಾತಿನ ಗೆವೇರ್‌ಪಾತ್ರೋನೆ, ನೇರವಾಗಿ ರೈಫಲ್ ತೋಟೆ. ಹಳೆಯದರ ವೇಗ ಸೆಕೆಂಡಿಗೆ 600 ಮೀಟರ್ ಆಸುಪಾಸು. ಹೊಸದು ಚೂಪು ಮೂತಿಯದು, ಹಿಂಬದಿ ದೋಣಿಯ ಹಾಗೆ ಕಿರಿದಾದದ್ದು, 11.3 ಗ್ರಾಂ ತೂಕದ್ದು, ಸೆಕೆಂಡಿಗೆ 780 ಮೀಟರ್. ಒಳಗಿನ ಒತ್ತಡವೂ ಅದಕ್ಕೆ ತಕ್ಕಂತೆ ಏರಿತು. ಬೀಗ ಹಿಂದೆ ಇರುವ 1889ರ ರೈಫಲ್‌ಗೆ ಆ ಒತ್ತಡ ಅಪಾಯ.

ಈಗ ನನ್ನ ಅಸಹನೆಯ ಕಾರಣಕ್ಕೆ ಬರುತ್ತೇನೆ. ನಾನೀಗ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಬೆರ್ನ್ ಸೀಮೆಯ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಗುರಿ ಹೊಡೆಯುವ 300 ಮೀಟರ್ ರೇಂಜಿಗೆ ಒಂದು ಶನಿವಾರ ಒಬ್ಬ ಹುಡುಗ ಮನೆಯ ಅಟ್ಟದಲ್ಲಿ ಸಿಕ್ಕ 1889ರ ರೈಫಲ್ ಹಿಡಿದು ಬಂದ. ಜೊತೆಗೆ ಒಂದು ಪೊಟ್ಟಣ ಜಿಪಿ11. ಅಂಗಡಿಯಲ್ಲಿ 'ಷ್ಮಿಟ್-ರೂಬಿನ್ ಇದೆ, ತೋಟೆ ಕೊಡಿ' ಅಂದನಂತೆ, ಅವರು ಕೊಟ್ಟರಂತೆ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಅವನ ಕೈಯಲ್ಲಿದ್ದದ್ದು ನಿಜವಾದ ಷ್ಮಿಟ್-ರೂಬಿನ್ನೇ. ಅಂಗಡಿಯವರ ತಲೆಯಲ್ಲಿ ಮಾತ್ರ ಆ ಹೆಸರಿಗೆ ಕೆ31 ಅನ್ನುವ ಅರ್ಥ ಕೂತಿತ್ತು. ರೇಂಜ್ ನೋಡಿಕೊಳ್ಳುವ ಹಿರಿಯರು ಆ ಉದ್ದನೆಯ ಮ್ಯಾಗಜಿನ್ ದೂರದಿಂದಲೇ ಕಂಡು ಎದ್ದು ಬಂದರು. ಹುಡುಗನ ಭುಜದ ಮೇಲೆ ಕೈ ಇಟ್ಟು ಪೊಟ್ಟಣ ತೆಗೆದುಕೊಂಡರು. ಅವತ್ತು ಅವರು ಎರಡು ನಿಮಿಷ ತಡವಾಗಿ ನೋಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಆದ್ದರಿಂದ 12ರ ಮ್ಯಾಗಜಿನ್ ಕಂಡರೆ ಜಿಪಿ11 ಬೇಡವೇ ಬೇಡ. 6ರ ಮ್ಯಾಗಜಿನ್ ಇದ್ದರೆ ಅಷ್ಟಕ್ಕೇ ನಂಬಲೂ ಬೇಡಿ. 1900ರ ಗಿಡ್ಡ ರೈಫಲ್ಲಿಗೂ 1905ರ ಕುದುರೆ ಪಡೆಯ ಗಿಡ್ಡ ಕೋವಿ ಕಾರ್ಬೈನಿಗೂ 6ರದ್ದೇ ಮ್ಯಾಗಜಿನ್, ಆದರೆ ಅವು ಹುಟ್ಟಿದ್ದು ಜಿಪಿ90ಕ್ಕೆ. ಅವುಗಳಲ್ಲಿ ಹಲವನ್ನು, 1896ರ ಮಾದರಿಯಲ್ಲೂ ಹಲವನ್ನು, ಆಮೇಲೆ ಹೊಸ ತೋಟೆಗೆ ಮಾರ್ಪಡಿಸಿದರು. ಹಾಗೆ ಮಾಡಿದವಕ್ಕೆ 96/11, 00/11, 05/11 ಎಂಬ ಹೆಸರು. ಆ ಓರೆಗೆರೆ, ಅದರ ಮುಂದಿನ 11, ಇವೇ ಮುಖ್ಯ. ಗೊತ್ತಾಗದಿದ್ದರೆ ಕೋವಿ ಕೆಲಸ ಬಲ್ಲ ಕಮ್ಮಾರರಿಗೆ ತೋರಿಸಿ. ಷ್ಮಿಟ್-ರೂಬಿನ್ ಅನ್ನುವ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿದರೆ ಇಷ್ಟೂ ವಿವರ ಮುಚ್ಚಿಹೋಗುತ್ತದೆ.

ಇನ್ನು ಕೆ31. ಷ್ಮಿಟ್ ತೀರಿಕೊಂಡದ್ದು 1898ರಲ್ಲಿ. ಈ ರೈಫಲ್ ಬಂದದ್ದು 1931ರಲ್ಲಿ. ಅದೇ ಬೆರ್ನ್ ಕಾರ್ಖಾನೆಯಲ್ಲಿ, ಕರ್ನಲ್ ಅಡಾಲ್ಫ್ ಫುರ್ರರ್ ಅವರ ಮೇಲ್ವಿಚಾರಣೆಯಲ್ಲಿ ಇದನ್ನು ಹೊಸದಾಗಿ ರೂಪಿಸಿದರು. 1958ರವರೆಗೆ ಐದು ಲಕ್ಷಕ್ಕೂ ಹೆಚ್ಚು ಮಾಡಿದರು. 'ಹೊಸದೇನು, ಅದೂ ನೇರ ಎಳೆತವೇ ತಾನೆ' ಅನ್ನುವವರಿಗೆ ನಾನು ಒಂದು ಅಳತೆ ತೋರಿಸುತ್ತೇನೆ. 1911ರ ಹಳೇ ಕಾರ್ಬೈನ್ ಕೆ11 ಮತ್ತು ಕೆ31, ಎರಡನ್ನೂ ಗೋಡೆಗೆ ಒರಗಿಸಿ ಪಕ್ಕಪಕ್ಕ ನಿಲ್ಲಿಸಿ. ಎರಡೂ ಹೆಚ್ಚೂಕಮ್ಮಿ 1.1 ಮೀಟರ್, ಎತ್ತರದಲ್ಲಿ ವ್ಯತ್ಯಾಸವೇ ಕಾಣದು. ಆದರೆ ಕೆ11ರ ನಳಿಗೆ 592 ಮಿ.ಮೀ., ಕೆ31ರದ್ದು 652. ಆ 60 ಮಿ.ಮೀ. ಎಲ್ಲಿಂದ ಬಂತು? ಬೋಲ್ಟಿನಿಂದ. ಬೀಗದ ಮೊಳೆಗಳು ತೋಟೆ ಕೂರುವ ಚೇಂಬರಿನ ಬೆನ್ನಿಗೇ ಬಂದವು, ಬೋಲ್ಟ್ ಗಿಡ್ಡವಾಯಿತು, ಉಳಿದ ಜಾಗ ನಳಿಗೆಗೆ ಸಿಕ್ಕಿತು. ಎಳೆಯುವ ರೀತಿ ಒಂದೇ ಅಂತ ಇದನ್ನು ಹಳೆಯ ಯಂತ್ರ ಅನ್ನುವುದು ತಪ್ಪು.

ಹೆಸರಿನಲ್ಲಿರುವ ಕೆ ಬಗ್ಗೆ ಎರಡೇ ಮಾತು. ಕೆ ಅಂದರೆ ಕಾರಬೀನರ್, ಕಾರ್ಬೈನ್. ಹಾಗಂತ ಇದು ಕುದುರೆ ಸವಾರರ ಗಿಡ್ಡ ಕೋವಿ ಅಲ್ಲ. 1911ರ ಉದ್ದ ರೈಫಲ್ 1.3 ಮೀಟರ್ ಇತ್ತು, ಅದರ ಪಕ್ಕದಲ್ಲಿ ಗಿಡ್ಡ, ಅಷ್ಟೇ. ಎಲ್ಲ ಸೈನಿಕರಿಗೂ ಕೊಟ್ಟದ್ದು ಇದನ್ನೇ.

ಇಷ್ಟೆಲ್ಲ ಹೇಳಿದ ಮೇಲೂ ರೂಬಿನ್ ಪೂರ್ತಿ ಹೊರಗೆ ಹೋಗುವುದಿಲ್ಲ. ಕೆ31 ಉಣ್ಣುವ ಜಿಪಿ11 ಅವರ ತೋಟೆಯ ವಂಶದ್ದೇ. ಅದನ್ನು ರಟ್ಟು ಮತ್ತು ತಗಡಿನ ಕ್ಲಿಪ್ಪಿನಲ್ಲಿ ಆರಾರಾಗಿ ಜೋಡಿಸಿ, ಮೇಲಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಆರೂ ಒಟ್ಟಿಗೆ ಇಳಿಯುತ್ತವೆ. ಪ್ರತಿ ವರ್ಷ ಈ ದೇಶದಲ್ಲೆಲ್ಲ ನಡೆಯುವ ಗುರಿ ಹೊಡೆಯುವ ಸ್ಪರ್ಧೆ ಫೆಲ್ಡ್‌ಷೀಸೆನ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. 300 ಮೀಟರ್, 18 ಗುಂಡು, ಪೂರ್ತಿ ಅಂಕ 72. ಹೊಸ ರೈಫಲ್‌ಗಳ ಸಾಲಿನಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಕೆ31 ಕಾಣುತ್ತದೆ. ಅದರ ಬೋಲ್ಟಿನ ಸದ್ದು ಬೇರೆ. ಹಿಂದೆ, ಮುಂದೆ, ಎರಡೇ ಹೊಡೆತ. ಕಣ್ಣು ಮುಚ್ಚಿದ್ದರೂ ಗುರುತು ಸಿಗುತ್ತದೆ.

ನನ್ನ ಕೆ31ರ ಮೈಮೇಲೆ ಕೊರೆದಿರುವುದು ಸ್ವಿಸ್ ಶಿಲುಬೆ ಮತ್ತು ಒಂದು ನಂಬರ್. ಪಕ್ಕದಲ್ಲಿ 'ಪಿ' ಅಕ್ಷರ. ಸೇನೆ ಅದನ್ನು ಸೈನಿಕನಿಗೇ ಬಿಟ್ಟುಕೊಟ್ಟಿತು, ಖಾಸಗಿ ಸ್ವತ್ತಾಯಿತು ಅನ್ನುವ ಗುರುತು ಅದು. ತಂದ ದಿನವೇ ಬಟ್ಟಿನ, ಅಂದರೆ ಭುಜಕ್ಕೆ ಆನಿಸುವ ಹಿಂತುದಿಯ, ತಗಡಿನ ಎರಡು ತಿರುಪು ಬಿಚ್ಚಿದೆ. ಎಲ್ಲದರಲ್ಲೂ ಸಿಗುವುದಿಲ್ಲ, ನನಗೆ ಸಿಕ್ಕಿತು. ನಾಲ್ಕು ಮಡಿಕೆಯ ಹಳದಿ ಕಾಗದ, ಅದರಲ್ಲಿ ಸೈನಿಕನ ಹೆಸರು, ತುಕಡಿ, ಊರು. ಇಡೀ ರೈಫಲ್‌ನಲ್ಲಿ ಇರುವ ಹೆಸರು ಅದೊಂದೇ. ಓದಿ, ಹಾಗೇ ಮಡಚಿ, ಅದೇ ಜಾಗದಲ್ಲಿಟ್ಟು ತಿರುಪು ಬಿಗಿದೆ.