ಸಿಸ್ಟರ್ ಮಗುವಿಗೆ ಯಾವ ಚುಚ್ಚುಮದ್ದು?

ನನ್ನ ತಮ್ಮನ ಹೆಂಡತಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಿಗೆ ಚುಚ್ಚುವುದರಲ್ಲಿ ಅವಳದು ಪಳಗಿದ ಕೈ. ಮಗು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿ ಮುಗಿಸಿರುತ್ತಾಳೆ. ತನ್ನ ಮಗಳ ಒಂದೂವರೆ ತಿಂಗಳ ಚುಚ್ಚುಮದ್ದಿನ ಹಿಂದಿನ ರಾತ್ರಿ ಅವಳೇ ನನಗೆ ಫೋನ್ ಮಾಡಿ, ‘ಭಾವ, ಸರ್ಕಾರದ್ದು ಹಾಕಿಸಲೋ, ನೋವಿಲ್ಲದ್ದು ಹಾಕಿಸಲೋ?’ ಎಂದು ಕೇಳಿದಳು.

ನರ್ಸಿಗೂ ಅನುಮಾನವೇ ಎಂದು ನಗುವವರುಂಟು. ನನಗೆ ನಗು ಬರಲಿಲ್ಲ. ಲಸಿಕೆ ಹಾಕಿಸಿದ ರಾತ್ರಿ ಗಾಬರಿಬಿದ್ದ ತಾಯಂದಿರ ಫೋನ್ ಬರುವುದು ಅವಳ ವಾರ್ಡಿಗೆ. ಜ್ವರ, ಬಾತ ತೊಡೆ, ಬಿಟ್ಟೂಬಿಡದ ಅಳು, ಇವೆಲ್ಲ ಅವಳಿಗೆ ದಿನನಿತ್ಯದ ಮಾತು. ನಾಯಿಕೆಮ್ಮಿನಲ್ಲಿ ಕೆಮ್ಮಿ ಕೆಮ್ಮಿ ನೀಲಿಗಟ್ಟಿ, ಕೊನೆಗೆ ಊಳಿಟ್ಟಂತೆ ಉಸಿರೆಳೆಯುವ ಮಗುವನ್ನು ಮಾತ್ರ ಅವಳು ಒಮ್ಮೆಯೂ ಕಂಡಿಲ್ಲ. ಕಾಣದಂತೆ ಮಾಡಿದ್ದೇ ಈ ಚುಚ್ಚುಮದ್ದು.

ನನಗೆ ಸಿಟ್ಟು ಬರುವುದು ‘ನೋವಿಲ್ಲದ ಲಸಿಕೆ’ ಎಂಬ ಹೆಸರಿನ ಮೇಲೆ. ದುಡ್ಡು ಹೆಚ್ಚು, ಜ್ವರ ಕಡಿಮೆ, ಅಂದಮೇಲೆ ಗುಣವೂ ಹೆಚ್ಚು ಎಂದು ಜನ ಲೆಕ್ಕ ಹಾಕುತ್ತಾರೆ. ನಾಯಿಕೆಮ್ಮೂ ಸೇರಿ ಐದು ರೋಗಗಳನ್ನು ತಡೆಯುವ ಸರ್ಕಾರಿ ಪೆಂಟಾವೇಲೆಂಟ್‌ನಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಸತ್ತು ಇಡಿಯಾಗಿ ಇರುತ್ತದೆ. ದುಬಾರಿಯದರಲ್ಲಿ ಅದರ ಆಯ್ದ ಕೆಲವೇ ಪ್ರೋಟೀನುಗಳು. ಕಳ್ಳನ ಹೆಣವನ್ನೇ ಊರ ಚಾವಡಿಗೆ ತಂದು ಹಾಕಿದರೆ ಜನ ಅವನ ಮೂಗು, ಮೀಸೆ, ಹಚ್ಚೆ ಎಲ್ಲವನ್ನೂ ನೋಡಿಟ್ಟುಕೊಳ್ಳುತ್ತಾರೆ. ಚಪ್ಪಲಿ, ಟೋಪಿ ಮಾತ್ರ ತೋರಿಸಿದರೆ ಗುರುತೂ ಅಷ್ಟಕ್ಕೇ. ಆದರೆ ಹೆಣ ಬಂದಾಗ ಬೀದಿನಾಯಿಗಳೆಲ್ಲ ಬೊಗಳುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ವಿಷವಾದ ಎಂಡೋಟಾಕ್ಸಿನ್‌ನ ವಾಸನೆ ಹಿಡಿಯುವ ರಕ್ಷಕ ಕೋಶಗಳೇ ಈ ನಾಯಿಗಳು. ಅವು ಹೊರಡಿಸಿದ ರಾಸಾಯನಿಕ ಸುದ್ದಿ ಮೆದುಳಿನ ಹೈಪೊಥಲಾಮಸ್ ಮುಟ್ಟುತ್ತದೆ, ಅದು ಗೀಸರಿನ ತಿರುಗುಣಿ ತಿರುಗಿಸಿದಂತೆ ಮೈಬಿಸಿಯ ಮಟ್ಟವನ್ನು ಏರಿಸುತ್ತದೆ. ಮಗುವಿನ ಮೈ ಬಿಸಿಯಾಗುವುದು ಕಾಯಿಲೆಯಿಂದಲ್ಲ, ಈ ಬೊಗಳಾಟದಿಂದ. (ಜ್ವರ ಬರದಿದ್ದರೆ ಲಸಿಕೆ ಹಿಡಿದಿಲ್ಲ ಎಂದೂ ಅಲ್ಲ. ಕೆಲವು ಊರಿನ ನಾಯಿಗಳು ಮೆಲ್ಲಗೆ ಬೊಗಳುತ್ತವೆ.)

ಇಡಿ ಬ್ಯಾಕ್ಟೀರಿಯಾದ ಲಸಿಕೆಯನ್ನು ನೆಚ್ಚುವಂತೆ ಮಾಡಿದವರು ಇಬ್ಬರು ಹೆಂಗಸರು, ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ದಿನಗಳು. ಹಗಲೆಲ್ಲ ಪ್ರಯೋಗಾಲಯದಲ್ಲಿ ದುಡಿದು, ಸಂಜೆ ಸೀಮೆಎಣ್ಣೆ ದೀಪದ ಮನೆಗಳಿಗೆ ಹೋಗಿ, ಕೆಮ್ಮುವ ಮಕ್ಕಳ ಬಾಯಿಯೆದುರು ತಟ್ಟೆ ಹಿಡಿದು ಬ್ಯಾಕ್ಟೀರಿಯಾ ಕಲೆಹಾಕುತ್ತಿದ್ದರು.

ಮುಂದೆ ಭಯ ಲಸಿಕೆಯ ಕಡೆಗೇ ತಿರುಗಿತು. ಜಪಾನಿನಲ್ಲಿ ಲಸಿಕೆಯ ನಂತರ ಎರಡು ಕೂಸುಗಳು ಸತ್ತವೆಂದು 1975ರಲ್ಲಿ ಅದನ್ನು ನಿಲ್ಲಿಸಿದರು. ಬೇಗನೆ ಮತ್ತೆ ಶುರುವಾದರೂ ಹಾಕಿಸಿಕೊಳ್ಳುವವರು ಕಡಿಮೆಯಾದರು. 1979ರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ತಗಲಿ 41 ಜನ ಸತ್ತರು. ಜ್ವರ ಕಡಿಮೆಯ ಹೊಸ ಲಸಿಕೆ 1981ರಲ್ಲಿ ಬಳಕೆಗೆ ಬಂದದ್ದು ಆ ಜಪಾನಿನಲ್ಲೇ. ಅಮೆರಿಕವೂ 1990ರ ದಶಕದಲ್ಲಿ ಅದಕ್ಕೇ ಹೊರಳಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ಹಬ್ಬಿದಾಗ, ಹೊಸದರ ರಕ್ಷಣೆ ಬೇಗ ಸವೆಯುತ್ತದೆ ಎಂಬುದು ಬಯಲಾಗತೊಡಗಿತು. ಆಮೇಲೆ ಬಬೂನ್ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು. ಹೊಸ ಲಸಿಕೆ ಪಡೆದವು ಕಾಯಿಲೆ ಬೀಳಲಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿಟ್ಟುಕೊಂಡು ಪಕ್ಕದ ಕೋತಿಗೆ ದಾಟಿಸಿದವು.

ಎರಡೂ ಮಗುವನ್ನು ಕಾಪಾಡುತ್ತವೆ, ಯಾವುದನ್ನೂ ಹಾಕಿಸದಿರುವುದೊಂದೇ ತಪ್ಪು, ನನ್ನನ್ನು ಕೇಳಿದರೆ ಸರ್ಕಾರದ್ದು ಎಂದೆ. ಕಳ್ಳ, ನಾಯಿ, ಗೀಸರು ಎಲ್ಲವನ್ನೂ ಅರ್ಧ ಗಂಟೆ ಕೊರೆದೆ. ಪಾಪ, ಕೇಳಿಸಿಕೊಂಡಳು.

ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ಕೈ ನಡುಗುತ್ತದೆಂದು ತಾನು ಚುಚ್ಚದೆ ಅಲ್ಲಿನ ಸಿಸ್ಟರಿಗೇ ಬಿಟ್ಟಳು. ಆದರೆ ಸೀಸೆಯನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಲೇಬಲ್ಲಿನ ವೃತ್ತದೊಳಗಿನ ಪುಟ್ಟ ಚೌಕವನ್ನು ನೋಡಿದಳಂತೆ. ಸೀಸೆಗೆ ಅತಿಯಾಗಿ ಶಾಖ ತಾಗಿದ್ದರೆ ಆ ಚೌಕ ಸುತ್ತಲಿನ ವೃತ್ತದಷ್ಟೇ ಗಾಢವಾಗಿರುತ್ತದೆ. ಬೆಳ್ಳಗಿತ್ತು.

ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನ್. ‘ನೂರೊಂದು ಡಿಗ್ರಿ. ಬೊಗಳುವುದಕ್ಕೆ ಶುರು ಮಾಡಿವೆ, ಭಾವ.’