ಮೊಹಲ್ಲಾ ಕಮಿಟಿ ಅಂದ್ರೆ ಏನು, ಅದು ಹಬ್ಬದ ಶಾಂತಿ ಸಭೆ ಯಾಕಲ್ಲ

ಒಂದು ಪೊಲೀಸ್ ಸ್ಟೇಷನ್ ವ್ಯಾಪ್ತಿಲಿ ಬರೋ ಗಲ್ಲಿ, ಚಾಳ್, ಜೋಪಡಪಟ್ಟಿ (ಸ್ಲಮ್), ಸೊಸೈಟಿ ಜನ ಮತ್ತು ಆ ಸ್ಟೇಷನ್ನಿನ ಪೊಲೀಸ್ರು, ಬೇಕಾದಾಗ ಮುನ್ಸಿಪಾಲಿಟಿ ವಾರ್ಡ್ ಆಫೀಸಿನೋರು, ಒಟ್ಟಿಗೆ ಕೂತು ಮಾತಾಡೋ ಬೈಠಕ್ಕಿಗೆ ಮುಂಬೈಲಿ ಮೊಹಲ್ಲಾ ಕಮಿಟಿ ಅಂತಾರೆ. ಹೊಡೆದಾಟ, ಚೂರಿ ಇರಿತ, ದಂಗೆ ಇಂಥದ್ದು ಶುರು ಆಗೋಕೆ ಮುಂಚೆನೇ ಅದರ ವಾಸನೆ ಹಿಡಿಯೋದು ಉದ್ದೇಶ. ಪೇಪರಲ್ಲಿ ಈ ಹೆಸರು ಆಗಾಗ ಬರತ್ತೆ, ಆದ್ರೆ ಒಳಗೆ ಏನ್ ನಡೆಯತ್ತೆ, ಯಾರು ಕೂರ್ತಾರೆ ಅಂತ ಮುಂಬೈಲಿರೋ ನಮ್ಮ ಕನ್ನಡದೋರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀತಾ ಇದೀನಿ.

ಊರಲ್ಲಿ ಗಣೇಶನ ಹಬ್ಬ, ಈದ್ ಮಿಲಾದ್ ಹತ್ರ ಬಂದಾಗ ಠಾಣೇಲಿ ಶಾಂತಿ ಸಭೆ ಅಂತ ಕರೀತಾರಲ್ಲ, ಇಲ್ಲೂ ಅದು ಇದೆ, ಶಾಂತತಾ ಕಮಿಟಿ ಅಂತಾರೆ. ಅಲ್ಲಿಗೆ ಗಣೇಶ ಮಂಡಳದ ಅಧ್ಯಕ್ಷರು, ಮಸೀದಿ ಕಮಿಟಿಯವರು, ನಗರಸೇವಕರು (ಕಾರ್ಪೊರೇಟರ್), ಒಟ್ನಲ್ಲಿ ವರ್ಷಾವರ್ಷ ಅದೇ ಮುಖಗಳು ಬರ್ತವೆ. ಮೆರವಣಿಗೆ ಯಾವ ರೋಡಲ್ಲಿ ಹೋಗ್ಬೇಕು, ಸ್ಪೀಕರ್ ಎಷ್ಟೊತ್ತಿಗೆ ಬಂದ್ ಮಾಡ್ಬೇಕು ಅಂತ ಪಿಐ (ಪೊಲೀಸ್ ಇನ್ಸ್ಪೆಕ್ಟರ್) ಸಾಹೇಬ್ರು ಹೇಳ್ತಾರೆ, ಎಲ್ಲರೂ ತಲೆ ಆಡಿಸ್ತಾರೆ, ಚಾ ಬರತ್ತೆ, ಒಂದು ಫೋಟೋ, ಮುಗೀತು. ಅದು ಬೇಡ ಅಂತಲ್ಲ, ರೂಟ್ ತಿಳಿಸೋಕೆ ಬೇಕೇ ಬೇಕು. ಆದ್ರೆ ಅದನ್ನೇ ಮೊಹಲ್ಲಾ ಕಮಿಟಿ ಅನ್ಕೊಂಡ್ರೆ ತಪ್ಪು. ಮೊಹಲ್ಲಾ ಕಮಿಟಿ ಕೂರೋದು ಏನೂ ಇಲ್ಲದ ದಿನ, ಹಬ್ಬ ಇಲ್ಲ, ಎಲೆಕ್ಷನ್ ಇಲ್ಲ, ಗಲಾಟೆನೂ ಇಲ್ಲ, ಸುಮ್ನೆ ಮಳೆಗಾಲದ ಒಂದು ಮಂಗಳವಾರ ಸಂಜೆ, ಮಾತು ನಲ್ಲಿ ನೀರಿಂದು, ಗಟಾರದ್ದು, ಮೂಲೇಲಿ ಕುಡಿದು ಕೂರೋ ಹುಡುಗ್ರದ್ದು.

ಈ ಪದ್ಧತಿ ಶುರು ಆಗಿದ್ದು ಮುಂಬೈಲಲ್ಲ, ಠಾಣೆ ಅನ್ನೋ ಊರಿನ ಆಚೆ ಇರೋ ಭಿವಂಡಿಲಿ. ಪವರ್‌ಲೂಮ್ ಊರು, ಹಗಲೂ ರಾತ್ರಿ ಮಗ್ಗದ ಸದ್ದು, ಬೇರೆ ಬೇರೆ ಕಡೆಯಿಂದ ಬಂದ ಕಾರ್ಮಿಕರು. 1970ರಲ್ಲಿ ಅಲ್ಲಿ ದೊಡ್ಡ ಹಿಂದೂ-ಮುಸ್ಲಿಂ ದಂಗೆ ಆಗಿತ್ತು, ಜಸ್ಟಿಸ್ ಮಾದನ್ ಕಮಿಷನ್ ಕೂತಿದ್ದು ಅದಕ್ಕೇ. 1984ರಲ್ಲಿ ಮತ್ತೆ ಆಯ್ತು. 1988ರಲ್ಲಿ ಅಲ್ಲಿಗೆ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಅನ್ನೋ ಅಧಿಕಾರಿ ಒಂದು ಸಿಂಪಲ್ ವಿಷಯ ನೋಡಿದ್ರು. ಪೊಲೀಸ್ರಿಗೂ ಜನಕ್ಕೂ ಮಧ್ಯೆ ಯಾವಾಗ್ಲೂ ಯಾರೋ ಒಬ್ಬ ಲೀಡರ್ ನಿಂತಿರ್ತಾನೆ, ಗಲಾಟೆ ಆದ್ರೆ ಪೊಲೀಸ್ರು ಅವನನ್ನ ಕರೀತಾರೆ, ಅದರಿಂದ ಅವನ ಬೆಲೆ ಏರತ್ತೆ, ಅಂದ್ಮೇಲೆ ಗಲಾಟೆ ಪೂರ್ತಿ ಆರಿ ಹೋಗೋದು ಅವನಿಗೆ ಲಾಭ ಇಲ್ಲ. ಅದಕ್ಕೆ ಖೋಪಡೆ ಲೀಡರ್‌ಗಳನ್ನ ಬಿಟ್ಟು ಮೊಹಲ್ಲಾ ಮೊಹಲ್ಲಾಕ್ಕೆ ಒಂದೊಂದು ಕಮಿಟಿ ಮಾಡಿದ್ರು, ಎರಡೂ ಕಡೆಯ ಮಾಮೂಲಿ ಜನ, ಮಗ್ಗದೋರು, ಅಂಗಡಿಯೋರು. ಇದನ್ನ ನಡೆಸೋ ಜವಾಬ್ದಾರಿನ ಕೆಳಗಿನ ಪೊಲೀಸ್ರ ಕೈಗೇ ಕೊಟ್ರು. ನನ್ನ ಪ್ರಕಾರ ಇಡೀ ಐಡಿಯಾದಲ್ಲಿ ಗಟ್ಟಿ ಭಾಗ ಇದೇ. ನಮ್ಮಲ್ಲಿ ಕಾನ್‌ಸ್ಟೇಬಲ್ ಅಂದ್ರೆ ಬಂದೋಬಸ್ತಿಗೆ ನಿಲ್ಲೋಕೆ, ಸಾಹೇಬ್ರ ಗಾಡಿ ಬಾಗಿಲು ತೆಗೆಯೋಕೆ ಅಂತ ಆಗೋಗಿದೆ, ಅಂಥೋನಿಗೆ ಒಂದು ಗಲ್ಲಿ ಒಪ್ಪಿಸಿ ಇಲ್ಲಿಯ ಜನ ನಿನ್ನ ಹೆಸರು ಹಿಡಿದು ಕರೀಬೇಕು ನೋಡು ಅಂದ್ರೆ ಅವನ ನಡಿಗೆನೇ ಬದಲಾಗತ್ತೆ.

1992 ಡಿಸೆಂಬರ್ 6ಕ್ಕೆ ಬಾಬ್ರಿ ಮಸೀದಿ ಕೆಡವಿದ್ಮೇಲೆ ಏನಾಯ್ತು ಅಂತ ಇಲ್ಲಿ ಹಳಬರನ್ನ ಕೇಳಿದ್ರೆ ಹೇಳ್ತಾರೆ. ಡಿಸೆಂಬರ್, ಜನವರಿ ಎರಡು ಸಲ ಮುಂಬೈ ಹೊತ್ತಿ ಉರೀತು, ಶ್ರೀಕೃಷ್ಣ ಕಮಿಷನ್ ಲೆಕ್ಕದಲ್ಲಿ ಸತ್ತೋರು 900. ಎಲ್ಲರ ಕಣ್ಣು ಭಿವಂಡಿ ಮೇಲಿತ್ತು, ಅದು ಮೊದಲು ಹೊತ್ಕೊಳ್ಳೋ ಊರು ಅಂತ. ಭಿವಂಡಿ ಹೊತ್ಕೊಳ್ಳಲಿಲ್ಲ. ಕಮಿಟಿ ಒಂದರಿಂದಲೇ ಅಂತ ಹೇಳೋಕಾಗಲ್ಲ ಬಿಡಿ, ಎರಡೆರಡು ಸಲ ಸುಟ್ಟುಕೊಂಡ ಊರಿಗೆ ಅದರದ್ದೇ ಭಯನೂ ಇರತ್ತೆ, ಮಗ್ಗ ನಿಂತ್ರೆ ಎರಡೂ ಕಡೆಯೋರ ಹೊಟ್ಟೆಗೇ ಹೊಡೆತ. ಆದ್ರೂ ವದಂತಿ ಹಬ್ಬಿದ ಕೂಡ್ಲೇ ನಿಜನಾ ಸುಳ್ಳಾ ಅಂತ ಕೇಳೋಕೆ ಪಕ್ಕದ ಗಲ್ಲಿಲಿ ಒಬ್ಬ ಪರಿಚಯದೋನು ಇದ್ದ ಅನ್ನೋದು ದೊಡ್ಡ ವಿಷಯ.

ಮುಂಬೈಲಿ ಇದು ಬಂದಿದ್ದು ದಂಗೆ ಮುಗಿದ ಮೇಲೆ. ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ಹಿಂದೆ ಕಮಿಷನರ್ ಆಗಿದ್ದ ಜೂಲಿಯೋ ರಿಬೇರೋ, ಸಮಾಜ ಸೇವೆಲಿದ್ದ ಸುಶೋಭಾ ಬರ್ವೆ ಇವರೆಲ್ಲ ಸೇರಿ ದಂಗೆ ಜಾಸ್ತಿ ಆದ ಏರಿಯಾಗಳಲ್ಲಿ ಮೊಹಲ್ಲಾ ಕಮಿಟಿ ಶುರು ಮಾಡಿದ್ರು, ಆಮೇಲೆ ಅದಕ್ಕೆ ಒಂದು ಟ್ರಸ್ಟೂ ಆಯ್ತು. ಎರಡೂ ಧರ್ಮದ ಹುಡುಗ್ರನ್ನ ಒಂದೇ ಟೀಮಿಗೆ ಹಾಕಿ ಕ್ರಿಕೆಟ್ ಆಡಿಸಿದ್ರು. ಧಾರಾವಿಲಿ ಭಾವೂ ಕೋರ್ಡೆ, ವಕಾರ್ ಖಾನ್ ಅಂತ ಇಬ್ಬರು ಮನೆಮನೆ ಅಲೆದು ಜನಾನ ಕೂರಿಸಿದ್ದು ಈಗಲೂ ಅಲ್ಲಿ ಹೆಸರಾಗಿದೆ.

ಶುರುಲಿ ಬೈಠಕ್ ಅಂದ್ರೆ ಜನ ಪೊಲೀಸ್ರ ಮೇಲೆ ಕೂಗಾಡೋದೇ ಆಗಿರತ್ತೆ, ಅದು ಸಹಜ. ಆಮೇಲೆ ನಿಧಾನಕ್ಕೆ ಮಾತು ಕೆಳಗಿಳಿಯತ್ತೆ, ಇಳಿದು ಇಳಿದು ಲೈಟ್ ಕಂಬಕ್ಕೆ ಬಂದು ನಿಲ್ಲತ್ತೆ. ನಗಬೇಡಿ, ಮುಂಬೈಲಿ ಹಿಂಸೆ ಮತ್ತು ಮುನ್ಸಿಪಾಲಿಟಿ ಎರಡೂ ಸೇರೋ ಜಾಗ ಅದೇ. ಜೋಪಡಪಟ್ಟಿಲಿ ಸಾರ್ವಜನಿಕ ಸಂಡಾಸಿಗೆ ರಾತ್ರಿ ಹೋಗೋ ಹೆಂಗಸರ ದಾರಿ ಕತ್ತಲಾಗಿದ್ರೆ ಅಲ್ಲಿ ಏನೇನ್ ಆಗತ್ತೆ ಅಂತ ಪೊಲೀಸ್ ಡೈರಿ ನೋಡೋದೇ ಬೇಡ. ಈಗ ಆ ಲೈಟ್ ಯಾರು ಹಾಕ್ಬೇಕು? ಪೊಲೀಸ್ರಲ್ಲ. ವಾರ್ಡ್ ಆಫೀಸು ಮಂಜೂರು ಮಾಡ್ಬೇಕು, ಕಂಬದ ಕೆಲ್ಸ ದಕ್ಷಿಣದ ಹಳೇ ಮುಂಬೈ ಆದ್ರೆ ಬೆಸ್ಟ್‌ನೋರದ್ದು, ಸಬರ್ಬ್ ಆದ್ರೆ ಅದಾನಿ, ಮುಲುಂಡ್ ಭಾಂಡುಪ್ ಕಡೆ ಆದ್ರೆ ಮಹಾವಿತರಣ್, ಮೂರೂ ಕರೆಂಟ್ ಕೊಡೋರು. ಇನ್ನು ಜಾಗ ರೈಲ್ವೇದೋ ಕಲೆಕ್ಟರ್ದೋ ಆಗಿದ್ರೆ ಕಥೆನೇ ಬೇರೆ. ಪೊಲೀಸ್ರು ರಾಜ್ಯ ಸರ್ಕಾರದ ಗೃಹ ಖಾತೆ ಕೆಳಗೆ, ಬಿಎಂಸಿ (ಮುಂಬೈ ಮುನ್ಸಿಪಾಲಿಟಿ) ಕಮಿಷನರ್ ನಗರಾಭಿವೃದ್ಧಿ ಖಾತೆ ಕೆಳಗೆ, ಮುಂಬೈ ಮೇಯರ್‌ಗೆ ಒಬ್ಬ ಹವಾಲ್ದಾರನ್ನ ಈ ನಾಕಾದಿಂದ (ರೋಡುಗಳು ಸೇರೋ ಜಾಗ) ಆ ನಾಕಾಕ್ಕೆ ಕಳಿಸೋ ಅಧಿಕಾರನೂ ಇಲ್ಲ. ಹಂಗಾಗಿ ಅಪರಾಧ ಆಗೋ ಜಾಗ ಗೊತ್ತಿರೋದು ಒಬ್ಬರಿಗೆ, ಅದನ್ನ ಸರಿಮಾಡೋ ದುಡ್ಡು ಇರೋದು ಇನ್ನೊಬ್ಬರ ಹತ್ರ. ಬ್ರಿಟನ್ನಲ್ಲಿ 1998ರಲ್ಲೇ ಕಾನೂನು ಮಾಡಿ ಕೌನ್ಸಿಲ್ಲು ಪೊಲೀಸು ಸೇರಿ ತಮ್ಮ ಏರಿಯಾದ ಅಪರಾಧ ಕಮ್ಮಿ ಮಾಡೋ ಪ್ಲಾನ್ ಮಾಡಲೇಬೇಕು ಅಂತ ಜವಾಬ್ದಾರಿ ಹಾಕಿದ್ರು. ನಮ್ಮಲ್ಲಿ ಆ ಥರದ ಕಟ್ಟುನಿಟ್ಟು ಇಲ್ಲ, ಎಲ್ಲ ಆಫೀಸರ್ ಮನಸ್ಸಿನ ಮೇಲೆ, ಅವರ ಟ್ರಾನ್ಸ್‌ಫರ್ ಆದ್ರೆ ಮುಗೀತು.

ಕೆಲವೊಮ್ಮೆ ಘಟನೆ ಆದ್ಮೇಲೆ ಎಚ್ಚರ ಆಗತ್ತೆ. 2021ರ ಸೆಪ್ಟೆಂಬರಲ್ಲಿ ಸಾಕಿನಾಕಾದಲ್ಲಿ ನಿಂತಿದ್ದ ಟೆಂಪೋ ಒಳಗೆ ಒಬ್ಬ ಹೆಣ್ಮಗಳ ಮೇಲೆ ಅತ್ಯಾಚಾರ ಆಗಿ ಆಕೆ ತೀರಿಹೋದ್ಲು. ಅದಾದ್ಮೇಲೆ ಪೊಲೀಸ್ ಕಮಿಷನರ್ ಆಫೀಸಿಂದ ಎಲ್ಲಾ ಸ್ಟೇಷನ್ನಿಗೂ ಸೂಚನೆ ಹೋಯ್ತು: ಕತ್ತಲೆ, ನಿರ್ಜನ ಜಾಗ ಪಟ್ಟಿ ಮಾಡಿ ಗಸ್ತು ಹಾಕಿ, ಅಲ್ಲಿ ಲೈಟು ಸಿಸಿಟಿವಿಗೆ ಬಿಎಂಸಿ ಜೊತೆ ಮಾತಾಡಿ, ರೋಡಲ್ಲಿ ಬಿಟ್ಟುಹೋದ ಗಾಡಿಗಳನ್ನ ತೆಗೆಸಿ. ಓದಿದ್ರೆ ಗೊತ್ತಾಗತ್ತೆ, ಆ ಪಟ್ಟಿಲಿ ಅರ್ಧ ಕೆಲಸ ಪೊಲೀಸ್ರದ್ದೇ ಅಲ್ಲ. ಕಮಿಟಿ ಚೆನ್ನಾಗಿ ನಡೆಯೋ ಕಡೆ ಆ ಪಟ್ಟಿ ಆಗಲೇ ಇರತ್ತೆ, ಯಾಕಂದ್ರೆ ಯಾವ ಕಂಬದ ಲೈಟ್ ಹೋಗಿದೆ ಅಂತ ಆ ದಾರಿಲಿ ಓಡಾಡೋ ಹೆಂಗಸರು ಬೇರೆಯೋರು ಕೇಳೋ ಮುಂಚೆನೇ ಹೇಳಿರ್ತಾರೆ.

ಕಮಿಟಿಗೆ ಆಗದೇ ಇರೋ ಕೆಲ್ಸನೂ ಇದೆ. 90ರ ದಶಕದಲ್ಲಿ ಹೋಟೆಲ್‌ನೋರಿಗೆ ಬಿಲ್ಡರ್‌ಗಳಿಗೆ ಹಫ್ತಾ ಫೋನ್ ಬರ್ತಿದ್ದ ಕಾಲ ನಮ್ ಶೆಟ್ರು ಯಾರನ್ನ ಕೇಳಿದ್ರೂ ಹೇಳ್ತಾರೆ, ಅಂಥ ಗ್ಯಾಂಗ್‌ಗಳ ಮುಂದೆ ಗಲ್ಲಿ ಬೈಠಕ್ ಏನ್ ಮಾಡತ್ತೆ, ಅದಕ್ಕೆ 1999ರ ಮೋಕಾ, ಅಂದ್ರೆ ಸಂಘಟಿತ ಅಪರಾಧ ಹತ್ತಿಕ್ಕೋ ಕಾನೂನೇ ಬೇಕಾಯ್ತು. ಹಂಗೇ ಹೆಂಡ್ತಿಗೆ ಹೊಡೆಯೋನ ಕೇಸು, ಚಾಕು ಹಾಕಿದ ಕೇಸು ಬಂದ್ರೆ ಎಫ್‌ಐಆರ್ ಬದಲು ಇಲ್ಲೇ ಮಾಂಡವಲಿ (ರಾಜಿ) ಮಾಡೋಣ ಅನ್ನೋ ಕಮಿಟಿ ಇದ್ರೆ ಅದು ದಾರಿ ತಪ್ಪಿದೆ ಅಂತ ಲೆಕ್ಕ. ಮೆಂಬರ್‌ಗಳನ್ನ ಖಬ್ರಿ (ಪೊಲೀಸ್ರಿಗೆ ಗುಟ್ಟು ಹೇಳೋನು) ಥರ ಬಳಸೋದು ಇನ್ನೊಂದು ಕಾಯಿಲೆ, ಒಂದು ಸಲ ಆ ಹೆಸರು ಬಂತು ಅಂದ್ರೆ ಆಮೇಲೆ ಗಲ್ಲಿಲಿ ಆ ಮನುಷ್ಯನ ಹತ್ರ ಒಬ್ಬನೂ ಬಾಯಿ ಬಿಡಲ್ಲ.

ಭಿವಂಡಿಗೇ ವಾಪಸ್ ಬಂದ್ರೆ, 2006 ಜುಲೈಲಿ ಅಲ್ಲಿ ಕಬರಸ್ತಾನದ ಪಕ್ಕದ ಜಾಗದಲ್ಲಿ ಪೊಲೀಸ್ ಸ್ಟೇಷನ್ ಕಟ್ಟೋ ವಿಚಾರಕ್ಕೆ ಗಲಾಟೆ ಎದ್ದು ಗೋಲಿಬಾರ್‌ನಲ್ಲಿ ಇಬ್ಬರು ಸತ್ರು, ರಾತ್ರಿ ಇಬ್ಬರು ಕಾನ್‌ಸ್ಟೇಬಲ್‌ಗಳನ್ನ ಜನ ಕೊಂದ್ರು. ಜಾಗದ ತಕರಾರು, ಅಂದ್ರೆ ನೋಡಿ ಮತ್ತೆ ಗಲ್ಲಿ ಮಟ್ಟದ ವಿಷಯನೇ, ವಾರಗಟ್ಟಲೆ ಕೂತು ಮಾತಾಡಿ ಬಗೆಹರಿಸಬೇಕಾದದ್ದು. 1992ರಲ್ಲಿ ಉಳಿದ ಊರು ಹದಿನಾಲ್ಕು ವರ್ಷದಲ್ಲಿ ಅಲ್ಲಿಗೆ ಬಂತು. ಕಮಿಟಿ ಅನ್ನೋದು ಒಂದು ಸಲ ನೆಟ್ಟು ಬಿಡೋ ತೆಂಗಿನ ಸಸಿ ಅಲ್ಲ, ನೀರು ಹಾಕ್ತಾನೇ ಇರ್ಬೇಕು.

ಇನ್ನು ನಮ್ಮ ಕನ್ನಡದೋರ ವಿಷಯ. ಮಾಟುಂಗ, ಡೊಂಬಿವಲಿ ಎಲ್ಲಾ ಕಡೆ ನಮ್ಮ ಸಂಘಗಳಿವೆ, ಯಕ್ಷಗಾನಕ್ಕೆ, ಶನಿ ಪೂಜೆಗೆ ಜನ ಸೇರ್ತಾರೆ, ಆದ್ರೆ ಪೊಲೀಸ್ ಸ್ಟೇಷನ್ ಬೈಠಕ್ ಅಂದ್ರೆ ನಮಗ್ಯಾಕೆ ಈ ಉಸಾಬರಿ ಅಂತ ಹಿಂದೆ ಸರೀತಾರೆ. ನನಗಿದು ಸರಿ ಅನ್ಸಲ್ಲ. ಬೆಳಗ್ಗೆ ಐದಕ್ಕೆ ಇಡ್ಲಿ ಬೇಯಿಸೋಕೆ ಶಟರ್ ತೆಗೆದು ರಾತ್ರಿ ಹನ್ನೆರಡಕ್ಕೆ ಎಳೆಯೋ ಹೋಟೆಲ್‌ನೋನಿಗಿಂತ ರೋಡಿನ ಕಥೆ ಇನ್ಯಾರಿಗೆ ಗೊತ್ತಿರತ್ತೆ, ಹಿಂದಿ ಮರಾಠಿ ಎರಡೂ ಬರತ್ತೆ, ಎರಡೂ ಕಡೆಯ ಗಿರಾಕಿ ಬರ್ತಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ನಾಕಾದಲ್ಲಿ ಕೂಲಿಗೆ ನಿಲ್ಲೋ ಜನದ್ದು ಇನ್ನೂ ಕಷ್ಟ, ಅವರು ಯಾವ ಸೊಸೈಟಿಯ ಲಿಸ್ಟಲ್ಲೂ ಇಲ್ಲ, ಯಾವ ಕಮಿಟಿಗೂ ಕರೆಯಲ್ಲ, ಏನಾದ್ರೂ ಆದ್ರೆ ಮೊದಲು ಅನುಮಾನ ಬರೋದು ಮಾತ್ರ ಅವರ ಮೇಲೇ.

ನಿಮ್ಮ ಏರಿಯಾದಲ್ಲಿ ಕಮಿಟಿ ಇದೆಯಾ ಅಂತ ತಿಳ್ಕೊಳ್ಳೋಕೆ ಸ್ಟೇಷನ್ನಿಗೆ ಹೋಗಿ ನಮ್ಮ ಬೀಟ್ ಯಾರದ್ದು, ಮುಂದಿನ ಬೈಠಕ್ ಯಾವಾಗ ಅಂತ ಕೇಳಿ. ಗಣಪತಿ ಟೈಮಲ್ಲಿ ಬನ್ನಿ ಅಂದ್ರೆ ಅಲ್ಲಿರೋದು ಶಾಂತತಾ ಕಮಿಟಿ ಮಾತ್ರ. ಹೋಗುವಾಗ ದೊಡ್ಡ ಭಾಷಣ ಬೇಡ, ಕೆಟ್ಟ ಲೈಟ್ ಕಂಬದ ನಂಬರ್ ಬರ್ಕೊಂಡು ಹೋಗಿ, ಅದೇ ನಂಬರನ್ನ ಬಿಎಂಸಿಯ 1916ಕ್ಕೂ ಹೇಳಿ, ಕಂಪ್ಲೇಂಟ್ ನಂಬರ್ ತಗೊಂಡು ಬೈಠಕ್ಕಲ್ಲಿ ಪೊಲೀಸ್ರ ಮುಂದೆನೇ ವಾರ್ಡ್‌ನೋರನ್ನ ಕೇಳಿ.